ಕಡಲಲ್ಲಿ ಮೀನು ಕಡಿಮೆಯಾಗಲು ಮೀನುಗಾರರ ದುರಾಸೆಯೊಂದೇ ಕಾರಣವೇ?

ನಿಮ್ಮ ವಾಟ್ಸ್ಆ್ಯಪ್‌ಗೂ ಇಂಥದ್ದೊಂದು ವಿಡಿಯೊ ಬಂದಿರಬಹುದು. ಬಂದರಿನ ದಕ್ಕೆಯ ಮೇಲೆ ಬೆರಳುದ್ದದ ಮೀನುಗಳ ರಾಶಿ ಬಿದ್ದಿರುತ್ತದೆ. ಅದನ್ನು ಸಲಿಕೆಯಲ್ಲಿ ಎತ್ತಿ ಲಾರಿಗೆ ತುಂಬುತ್ತಿರುತ್ತಾರೆ. ಕೆಳಗೆ ಒಂದು ಸಾಲು: ‘ಮೀನುಗಾರರ ದುರಾಸೆಗೆ ಕಡಲು ಬರಿದಾಗುತ್ತಿದೆ, ಎಲ್ಲರಿಗೂ ತಲುಪಿಸಿ.’ ಕೆಲವು ದಿನಗಳ ಬಳಿಕ ಅದೇ ಗುಂಪಿಗೆ ತದ್ವಿರುದ್ಧವಾದ ಇನ್ನೊಂದು ಸಂದೇಶ ಬರುತ್ತದೆ: ‘ಸಮುದ್ರ ಅಕ್ಷಯಪಾತ್ರೆ, ಮೀನು ಎಂದಿಗೂ ಮುಗಿಯುವುದಿಲ್ಲ, ನಿಷೇಧವೆಲ್ಲ ಸರ್ಕಾರದ ನಾಟಕ.’

ಎರಡನ್ನೂ ಜನ ನಂಬುತ್ತಾರೆ, ಎರಡನ್ನೂ ಮುಂದಕ್ಕೆ ಕಳಿಸುತ್ತಾರೆ. ಈ ಎರಡೂ ಮಾತುಗಳ ನಡುವೆ ಬಿಟ್ಟುಹೋಗಿರುವ ವಿಷಯ ಒಂದಿದೆ. ಜಗತ್ತಿನ ಹಲವೆಡೆ ಮೀನು ಹಿಡಿಯುವವರೇ ಕೂತು ಮಾತಾಡಿ, ಎಲ್ಲಿ, ಯಾವಾಗ, ಎಂಥ ಬಲೆಯಲ್ಲಿ, ಎಷ್ಟು ಹಿಡಿಯಬೇಕು ಎಂದು ತಾವೇ ಕಟ್ಟುಪಾಡು ಹಾಕಿಕೊಂಡಿದ್ದಾರೆ. ಕೆಲವು ಕಡೆ ಕೈತಪ್ಪಿಹೋದ ಮೀನು ಮರಳಿ ಬಂದಿದೆ. ಕೆಲವು ಕಡೆ ಕಟ್ಟುಪಾಡು ಮುರಿದುಬಿದ್ದಿದೆ. ಎಲ್ಲಿ ಯಾಕೆ ಹಾಗಾಯಿತು ಎಂಬುದನ್ನು ಈ ಬರಹದಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ:

• ಸಮುದ್ರದ ಮೀನು ಮುಗಿಯುವುದೇ ಇಲ್ಲ ಎಂಬುದು ತಪ್ಪು.
• ಮೀನುಗಾರರಿಗೆ ಬಿಟ್ಟರೆ ಕಡಲು ಬರಿದಾಗಿಯೇ ಆಗುತ್ತದೆ ಎಂಬುದೂ ತಪ್ಪು.
• ಹಿಡಿಯುವವರೇ ಮಾಡಿದ ನಿಯಮಗಳು ಹಲವೆಡೆ ಕೆಲಸ ಮಾಡಿವೆ. ಆದರೆ ಅದಕ್ಕೆ ಕಾನೂನಿನ ಬೆಂಬಲ ಬೇಕು. ಜೊತೆಗೆ ನಿಯಮದ ವ್ಯಾಪ್ತಿ ಮೀನು ಓಡಾಡುವ ವ್ಯಾಪ್ತಿಗೆ ಹೊಂದಬೇಕು.

ಮೊದಲು ಆ ವಿಡಿಯೊ: ಸಣ್ಣ ಮೀನೆಲ್ಲ ಮರಿ ಮೀನೇ?

ಅಲ್ಲ. ನೆತ್ತಲಿ ಜಾತಿಯ ಕೊಲ್ಲತರುವಿನಂಥ ಮೀನುಗಳು ಪೂರ್ತಿ ಬೆಳೆದ ಮೇಲೂ ಗಾತ್ರದಲ್ಲಿ ಚಿಕ್ಕವೇ. ಬೆರಳುದ್ದದ ಮೀನಿನ ರಾಶಿ ಕಂಡ ಕೂಡಲೇ ‘ಮರಿಗಳ ಮಾರಣಹೋಮ’ ಎಂದು ಹೇಳಲಾಗದು. ಯಾವ ಜಾತಿಯ ಮೀನು, ಆ ಜಾತಿ ಎಷ್ಟು ದೊಡ್ಡದಾದ ಮೇಲೆ ಮೊದಲ ಸಲ ಮೊಟ್ಟೆ ಇಡುತ್ತದೆ ಎಂಬುದು ಗೊತ್ತಿದ್ದರೆ ಮಾತ್ರ ಉತ್ತರ ಸಿಗುತ್ತದೆ.

ಹಾಗೆಂದು ಸಮಸ್ಯೆಯೇ ಇಲ್ಲ ಎಂದಲ್ಲ. ಅಂಜಲ್, ಬಂಗುಡೆ, ಬೂತಾಯಿ, ಸಿಗಡಿ ಇವುಗಳ ಮರಿಗಳು ಸಣ್ಣ ಕಣ್ಣಿನ ಬಲೆಗೆ ಬೀಳುವುದು ನಿಜ. ತಿನ್ನಲು ಮಾರಾಟವಾಗದ ಮರಿ ಮೀನು ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಹುಡಿಯಾಗುತ್ತದೆ. ಕೊಳ್ಳುವವರು ಇರುವುದರಿಂದ ಅದನ್ನು ಹಿಡಿಯುವುದೂ ಲಾಭವೇ ಆಗುತ್ತದೆ. ಒಂದು ಸಲವೂ ಮೊಟ್ಟೆ ಇಡದ ಮೀನು ಹೀಗೆ ಹೋದರೆ ಮುಂದಿನ ವರ್ಷದ ಬೀಜವೇ ಹೋದಂತೆ. ಕೇರಳ ಸರ್ಕಾರ 2015ರಲ್ಲಿ 14 ಜಾತಿಯ ಮೀನುಗಳಿಗೆ ‘ಇದಕ್ಕಿಂತ ಚಿಕ್ಕದನ್ನು ಹಿಡಿಯಬಾರದು’ ಎಂದು ಕನಿಷ್ಠ ಅಳತೆ ನಿಗದಿ ಮಾಡಿದ್ದು ಇದೇ ಕಾರಣಕ್ಕೆ. ಬಳಿಕ ಆ ಪಟ್ಟಿಯನ್ನು 58 ಜಾತಿಗಳಿಗೆ ವಿಸ್ತರಿಸಿತು.

‘ಎಲ್ಲರದ್ದು ಎಂದರೆ ಯಾರದ್ದೂ ಅಲ್ಲ’ ಎಂಬ ವಾದ ಎಲ್ಲಿಂದ ಬಂತು?

1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಊರಿಗೆಲ್ಲ ಸೇರಿದ ಒಂದು ಗೋಮಾಳವನ್ನು ಕಲ್ಪಿಸಿಕೊಳ್ಳಿ ಎಂದರು. ಒಬ್ಬ ಇನ್ನೊಂದು ದನ ಬಿಟ್ಟರೆ ಲಾಭ ಪೂರ್ತಿ ಅವನದು, ಹುಲ್ಲು ಕಡಿಮೆಯಾಗುವ ನಷ್ಟ ಊರಿಗೆಲ್ಲ ಹಂಚಿಹೋಗುತ್ತದೆ. ಹಾಗಾಗಿ ಪ್ರತಿಯೊಬ್ಬನೂ ಇನ್ನೊಂದು, ಮತ್ತೊಂದು ದನ ಬಿಡುತ್ತಾ ಹೋಗುತ್ತಾನೆ, ಕೊನೆಗೆ ಗೋಮಾಳವೇ ಬರಡಾಗುತ್ತದೆ ಎಂಬುದು ಅವರ ವಾದ. ಸಮುದ್ರಕ್ಕೂ ಇದೇ ಗತಿ ಎಂದು ಅವರು ಅದೇ ಲೇಖನದಲ್ಲಿ ಹೇಳಿದ್ದರು.

ವಾದ ಸರಳವಾಗಿದ್ದುದರಿಂದ ಬೇಗ ಹರಡಿತು. ಪರಿಹಾರ ಎರಡೇ ಎಂದು ಹಲವರು ನಂಬಿದರು: ಒಂದೋ ಸರ್ಕಾರ ಪೂರ್ತಿ ಹಿಡಿತ ತೆಗೆದುಕೊಳ್ಳಬೇಕು, ಇಲ್ಲವೇ ಖಾಸಗಿಯವರಿಗೆ ಕೊಡಬೇಕು. ಆದರೆ ವಾದದಲ್ಲಿ ಒಂದು ದೊಡ್ಡ ಲೋಪವಿತ್ತು. ಆ ಗೋಮಾಳದಲ್ಲಿ ದನ ಬಿಡುವವರು ಒಬ್ಬರಿಗೊಬ್ಬರು ಮಾತೇ ಆಡುವುದಿಲ್ಲ, ಊರಿನ ಸಭೆ ಎಂಬುದೇ ಇಲ್ಲ. ನಿಜವಾದ ಊರುಗಳು ಹಾಗಿರುವುದಿಲ್ಲವಲ್ಲ! ಹಾರ್ಡಿನ್ ಅವರೇ 1990ರ ದಶಕದಲ್ಲಿ ತಮ್ಮ ಮಾತನ್ನು ತಿದ್ದಿಕೊಂಡು, ತಾವು ಹೇಳಿದ್ದು ‘ನಿರ್ವಹಣೆ ಇಲ್ಲದ’ ಸಾಮೂಹಿಕ ಸಂಪತ್ತಿನ ಬಗ್ಗೆ ಎಂದು ಸ್ಪಷ್ಟಪಡಿಸಿದರು. ತಿದ್ದುಪಡಿ ಮಾತ್ರ ಮೂಲ ವಾದದಷ್ಟು ದೂರ ಹೋಗಲಿಲ್ಲ. ಫಾರ್ವರ್ಡ್‌ಗಳ ಲೋಕದಲ್ಲಿ ಇದು ನಮಗೆ ಗೊತ್ತಿರುವ ಸಂಗತಿಯೇ.

ಚೀಟಿ ಎತ್ತಿ ಕಡಲು ಹಂಚಿಕೊಂಡ ಊರು

ಅಮೆರಿಕದ ಎಲಿನಾರ್ ಆಸ್ಟ್ರಮ್ ಎಂಬ ವಿದ್ವಾಂಸೆ ನಿಜವಾದ ಊರುಗಳಲ್ಲಿ ಏನಾಗುತ್ತದೆ ಎಂದು ಹುಡುಕಿದರು. ಕಾಡು, ಕಾಲುವೆ ನೀರು, ಹುಲ್ಲುಗಾವಲು, ಮೀನು, ಹೀಗೆ ಜನ ತಾವೇ ಕಾಪಾಡಿಕೊಂಡು ಬಂದ ಸಂಪತ್ತುಗಳ ಉದಾಹರಣೆಗಳನ್ನು ಒಟ್ಟುಮಾಡಿ 1990ರಲ್ಲಿ ಪುಸ್ತಕ ಬರೆದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಅವರು ಹೇಳಿದ ಉದಾಹರಣೆಗಳಲ್ಲಿ ಟರ್ಕಿಯ ಅಲಾನ್ಯಾ ಎಂಬ ಊರಿನದೂ ಒಂದು. ಅಲ್ಲಿ ಸುಮಾರು ನೂರು ಮಂದಿ ಮೀನುಗಾರರು. ಒಳ್ಳೆಯ ಜಾಗಕ್ಕಾಗಿ ಜಗಳ, ಹೊಡೆದಾಟ ನಡೆಯುತ್ತಿತ್ತು. 1970ರ ದಶಕದಲ್ಲಿ ಅಲ್ಲಿನ ಸಹಕಾರ ಸಂಘದವರು ಒಂದು ಉಪಾಯ ಹೂಡಿದರು. ಬಲೆ ಹಾಕುವ ಜಾಗಗಳನ್ನೆಲ್ಲ ಹೆಸರಿಟ್ಟು ಪಟ್ಟಿ ಮಾಡಿದರು. ಒಬ್ಬರ ಬಲೆ ಇನ್ನೊಬ್ಬರ ಮೀನಿಗೆ ಅಡ್ಡವಾಗದಷ್ಟು ಅಂತರ ಇಟ್ಟರು. ಪ್ರತಿ ಸೆಪ್ಟೆಂಬರ್‌ನಲ್ಲಿ ಚೀಟಿ ಎತ್ತಿ ಯಾರು ಎಲ್ಲಿಂದ ಶುರು ಮಾಡಬೇಕು ಎಂದು ತೀರ್ಮಾನಿಸುತ್ತಿದ್ದರು. ಜನವರಿವರೆಗೆ ಪ್ರತಿ ದೋಣಿ ದಿನಕ್ಕೊಂದು ಜಾಗದಂತೆ ಪೂರ್ವಕ್ಕೆ ಸರಿಯಬೇಕು, ಅಲ್ಲಿಂದ ಮೇವರೆಗೆ ಪಶ್ಚಿಮಕ್ಕೆ. ಹೀಗಾಗಿ ಒಳ್ಳೆಯ ಜಾಗ, ಕೆಟ್ಟ ಜಾಗ ಎಲ್ಲರಿಗೂ ಸರದಿಯಲ್ಲಿ ಸಿಗುತ್ತಿತ್ತು.

ಇದನ್ನು ಕಾಯಲು ಪೊಲೀಸರು ಬೇಕಾಗಲಿಲ್ಲ. ನಿಮ್ಮ ಸರದಿಯ ಒಳ್ಳೆಯ ಜಾಗದಲ್ಲಿ ಬೇರೊಬ್ಬ ಬಲೆ ಹಾಕಿದ್ದರೆ ಅದನ್ನು ಮೊದಲು ನೋಡುವವರು ನೀವೇ. ನಾಳೆ ಅದೇ ತೊಂದರೆ ಪಕ್ಕದವರಿಗೂ ಆಗಬಹುದಾದ್ದರಿಂದ ಅವರೂ ನಿಮ್ಮ ಪರ ನಿಲ್ಲುತ್ತಾರೆ.

ಅಷ್ಟಮುಡಿಯ ಬಳಚು: ಕುಸಿದದ್ದು ಹೇಗೆ, ಎದ್ದದ್ದು ಹೇಗೆ?

ನಮ್ಮ ನೆರೆಯ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಅಷ್ಟಮುಡಿ ಎಂಬ ಹಿನ್ನೀರಿದೆ. ಅಲ್ಲಿ ಸಿಗುವ ಚಿಪ್ಪುಜೀವಿಯನ್ನು ಉತ್ತರ ಕನ್ನಡದವರು ಬಳಚು ಎಂದೂ ಮಂಗಳೂರಿನ ಕಡೆಯವರು ಮರುವಾಯಿ ಎಂದೂ ಗುರುತಿಸುತ್ತಾರೆ. ಸಣ್ಣ ದೋಣಿಯಲ್ಲಿ ಹೋಗಿ ಕೈಬಲೆಯಿಂದ ಕೆರೆದು, ಇಳಿತದ ಹೊತ್ತಿಗೆ ನೀರಿಗಿಳಿದು ಕೈಯಿಂದ, ಕಾಲಿನಿಂದ ಹುಡುಕಿ ಅದನ್ನು ತೆಗೆಯುತ್ತಾರೆ. 1980ರ ದಶಕದಲ್ಲಿ ಇದರ ಮಾಂಸಕ್ಕೆ ಹೊರದೇಶಗಳಲ್ಲಿ ಬೇಡಿಕೆ ಬಂತು. 1991ರಲ್ಲಿ ವರ್ಷದ ಇಳುವರಿ ಸುಮಾರು 10,000 ಟನ್ ಮುಟ್ಟಿತು. ಎರಡೇ ವರ್ಷದಲ್ಲಿ, 1993ಕ್ಕೆ, ಅದು ಅರ್ಧಕ್ಕೆ ಇಳಿಯಿತು. ಮಿತಿಮೀರಿ ತೆಗೆದದ್ದೇ ಕಾರಣವಾಗಿತ್ತು.

ಇಲ್ಲಿಯವರೆಗೆ ಕತೆ ಹಾರ್ಡಿನ್ ಹೇಳಿದಂತೆಯೇ ಇದೆ. ಮುಂದಿನದು ಬೇರೆ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ಬಳಚು ಯಾವಾಗ ಮೊಟ್ಟೆ ಇಡುತ್ತದೆ, ಎಷ್ಟು ದೊಡ್ಡದಾದ ಮೇಲೆ ತೆಗೆಯಬಹುದು ಎಂದು ಲೆಕ್ಕ ಕೊಟ್ಟರು. ಅದನ್ನು ಆಧರಿಸಿ ಬಂದ ನಿಯಮಗಳು ನಾಲ್ಕು:

• ಮೊಟ್ಟೆ ಇಡುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಳಚು ತೆಗೆಯುವಂತಿಲ್ಲ.
• ಬಲೆಯ ಕಣ್ಣು 30 ಮಿಲಿಮೀಟರ್‌ಗಿಂತ ಚಿಕ್ಕದಿರಬಾರದು. ಮರಿಗಳು ಜಾರಿ ಕೆಳಗೆ ಬೀಳಬೇಕು.
• ರಫ್ತು ಮಾಡುವ ಮಾಂಸ ಕಿಲೋಗೆ 1,400ಕ್ಕಿಂತ ಹೆಚ್ಚು ತುಂಡು ಬರುವಷ್ಟು ಸಣ್ಣದಿರಬಾರದು.
• ಯಂತ್ರದಿಂದ ಬಾಚುವಂತಿಲ್ಲ.

ಮೂರನೆಯ ನಿಯಮವನ್ನು ಗಮನಿಸಿ. ಮರಿಗಳನ್ನು ಕೊಳ್ಳುವವರೇ ಇಲ್ಲದಿದ್ದರೆ ತೆಗೆಯುವವರೂ ಇರುವುದಿಲ್ಲ. ನಿಯಮ ನೀರಿನಲ್ಲಿರುವವನ ಮೇಲೆ ಮಾತ್ರವಲ್ಲ, ತಕ್ಕಡಿ ಹಿಡಿದವನ ಮೇಲೂ ಬಿತ್ತು.

ಇಳುವರಿ ಮತ್ತೆ 10,000 ಟನ್ ಆಸುಪಾಸಿಗೆ ಬಂದು ವರ್ಷಗಟ್ಟಲೆ ಅಲ್ಲೇ ನಿಂತಿತು. ಮೂರು ಸಾವಿರಕ್ಕೂ ಹೆಚ್ಚು ಜನರ ಹೊಟ್ಟೆಪಾಡು ಉಳಿಯಿತು. 2014ರ ನವೆಂಬರ್‌ನಲ್ಲಿ ‘ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್’ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಮಾಣಪತ್ರ ಅಷ್ಟಮುಡಿಯ ಬಳಚಿಗೆ ಸಿಕ್ಕಿತು. ಭಾರತದ ಮೀನುಗಾರಿಕೆಯೊಂದಕ್ಕೆ ಆ ಪ್ರಮಾಣಪತ್ರ ಸಿಕ್ಕಿದ್ದು ಅದೇ ಮೊದಲು. ಮೀನುಗಾರರು, ವ್ಯಾಪಾರಿಗಳು, ವಿಜ್ಞಾನಿಗಳು, ಅಧಿಕಾರಿಗಳು ಒಟ್ಟಿಗೆ ಕೂರುವ ಒಂದು ಮಂಡಳಿಯೂ ರೂಪುಗೊಂಡಿತು.

ಈ ಕತೆ ಇಲ್ಲಿಗೇ ಮುಗಿಯುವುದಿಲ್ಲ. ಉಳಿದದ್ದನ್ನು ಮುಂದೆ ಹೇಳುತ್ತೇವೆ.

ಮೂರು ವರ್ಷ ಬಲೆಯನ್ನೇ ಹಾಕದ ಮೀನುಗಾರರು

ಜಪಾನಿನ ಅಕಿತಾ ಪ್ರಾಂತ್ಯದಲ್ಲಿ ಹತಹತ ಎಂಬ ಮೀನು ಜನರಿಗೆ ಅಚ್ಚುಮೆಚ್ಚು. ಚಳಿಗಾಲದ ಆರಂಭದಲ್ಲಿ ಮೊಟ್ಟೆ ಇಡಲು ದಡದ ಹತ್ತಿರ ಬರುತ್ತದೆ. 1960ರ ದಶಕದಲ್ಲಿ ವರ್ಷಕ್ಕೆ 20,000 ಟನ್‌ವರೆಗೂ ಸಿಗುತ್ತಿದ್ದ ಈ ಮೀನು 1991ರಲ್ಲಿ ಸುಮಾರು 70 ಟನ್ನಿಗೆ ಇಳಿಯಿತು.

ಅಲ್ಲಿನ ಮೀನುಗಾರರ ಸಹಕಾರ ಸಂಘಗಳು ಸಭೆಯ ಮೇಲೆ ಸಭೆ ನಡೆಸಿ, 1992ರ ಸೆಪ್ಟೆಂಬರ್‌ನಿಂದ ಮೂರು ವರ್ಷ ಈ ಮೀನನ್ನು ಹಿಡಿಯುವುದೇ ಬೇಡ ಎಂದು ತಾವಾಗಿ ತೀರ್ಮಾನಿಸಿದವು. ಮೂರು ವರ್ಷದ ಆದಾಯ ಬಿಡುವುದೆಂದರೆ ಸಣ್ಣ ಮಾತಲ್ಲ. 1995ರಲ್ಲಿ ಮತ್ತೆ ಬಲೆ ಹಾಕುವಾಗ ಎಷ್ಟು ಹಿಡಿಯಬೇಕೆಂಬ ಮಿತಿ ಹಾಕಿಕೊಂಡರು, ಅಕ್ಕಪಕ್ಕದ ಪ್ರಾಂತ್ಯಗಳ ಜೊತೆಗೂ ಒಪ್ಪಂದಕ್ಕೆ ಬಂದರು. ಮುಂದಿನ ದಶಕದಲ್ಲಿ ಹತಹತ ಮತ್ತೆ ಸಾವಿರಗಟ್ಟಲೆ ಟನ್ ಸಿಗತೊಡಗಿತು.

ಇದು ಸಾಧ್ಯವಾದದ್ದು ಜಪಾನೀಯರು ಹುಟ್ಟಾ ಶಿಸ್ತಿನವರು ಎಂಬ ಕಾರಣಕ್ಕಲ್ಲ. 1949ರ ಕಾನೂನು ದಡದ ಹತ್ತಿರದ ಮೀನುಗಾರಿಕೆಯ ಹಕ್ಕನ್ನು ಸ್ಥಳೀಯ ಸಹಕಾರ ಸಂಘಗಳಿಗೇ ಕೊಟ್ಟಿದೆ. ಇಂದು ಬಿಟ್ಟ ಮೀನು ನಾಳೆ ಹೊರಗಿನಿಂದ ಬಂದ ಯಾರದೋ ಬಲೆಗೆ ಬೀಳುವುದಿಲ್ಲ ಎಂಬ ಭರವಸೆ ಅವರಿಗಿತ್ತು. ಆ ಭರವಸೆ ಇಲ್ಲದ ಕಡೆ ‘ಕಾಯಿರಿ’ ಎಂದು ಹೇಳಿದರೆ ಯಾರೂ ಕಾಯುವುದಿಲ್ಲ. ಕಾದವನು ಕೆಟ್ಟ ಎಂದಾಗುತ್ತದೆ.

ನಮ್ಮ ಕರಾವಳಿಯಲ್ಲಿ ಏನಾಯಿತು?

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಹಿರಿಯರನ್ನು ಕೇಳಿದರೆ ರಂಪಣಿಯ ಮಾತು ಬಾರದೆ ಇರದು. ಬಹಳ ಉದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು, ದಡದ ಹತ್ತಿರ ಬಂದ ಬಂಗುಡೆ, ಬೂತಾಯಿಯ ಹಿಂಡನ್ನು ಬಳಸಿ, ಎರಡೂ ತುದಿಗಳನ್ನು ಮರಳ ಮೇಲೆ ನಿಂತು ಹತ್ತಾರು ಜನ ಎಳೆಯುತ್ತಿದ್ದರು. ಬಲೆಯ ತುಂಡುಗಳು ಬೇರೆ ಬೇರೆ ಮನೆಗಳವು. ಸಿಕ್ಕ ಮೀನಿನಲ್ಲಿ ಬಲೆ ಕೊಟ್ಟವರಿಗೂ ಎಳೆದವರಿಗೂ ಪಾಲು. ಇಂದು ಒಬ್ಬರಿಗೇ ಬೇಕಾದಷ್ಟು ಹಿಡಿಯಲು ಅಲ್ಲಿ ಅವಕಾಶವೇ ಇರಲಿಲ್ಲ. ದಡಕ್ಕೆ ಬಂದಷ್ಟೇ ಮೀನು, ಹಂಚಿಕೊಂಡಷ್ಟೇ ಪಾಲು.

1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವ ಮುಂಚೆಯೇ ಯಂತ್ರದ ಬೋಟು ಅದನ್ನು ಸುತ್ತುವರಿದು ಎತ್ತತೊಡಗಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಸಾಂಪ್ರದಾಯಿಕ ಮೀನುಗಾರರು ಬೀದಿಗಿಳಿದರು, ಗಲಾಟೆಗಳೂ ಆದವು. 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ಅಷ್ಟು ಹೊತ್ತಿಗೆ ಪಾಲು ಹಂಚುವ ಹಳೆಯ ಕಟ್ಟುಪಾಡು ಬಹುಪಾಲು ಕರಗಿತ್ತು. ಇಂದು ಉಳಿದಿರುವುದು ಚಿಕ್ಕ ಗಾತ್ರದ ಕೈರಂಪಣಿ.

ಇಲ್ಲಿ ಯಾರು ದುರಾಸೆಯವರು? ಪರ್ಸೀನ್ ಬೋಟಿನವರೂ ಸಾಲ ಮಾಡಿ ದುಡಿಯುವ ಮೀನುಗಾರರೇ. ಬೋಟಿನಲ್ಲಿ ಕೆಲಸಕ್ಕೆ ಹೋದವರಲ್ಲಿ ರಂಪಣಿ ಎಳೆದ ಮನೆಗಳವರೂ ಇದ್ದರು. ತಪ್ಪು ಇದ್ದದ್ದು ಬೇರೆ ಕಡೆ. ಹೊಸ ಯಂತ್ರ ಬಂತು, ಅದಕ್ಕೆ ತಕ್ಕ ಹೊಸ ಕಟ್ಟುಪಾಡು ಅದರ ಜೊತೆಗೇ ಬರಲಿಲ್ಲ.

ಈಗಿನ ಬೆಳಕು ಮೀನುಗಾರಿಕೆಯ ಜಗಳವೂ ಇದೇ ಜಾಡಿನದು. ಜನರೇಟರ್ ಇಟ್ಟು ಪ್ರಖರ ದೀಪ ಉರಿಸಿ, ಬೆಳಕಿಗೆ ಕೂಡುವ ಮೀನನ್ನು ಮರಿ, ದೊಡ್ಡದು ಎನ್ನದೆ ಎತ್ತುವ ಪದ್ಧತಿ ಅದು. ಎರಡು ಬೋಟುಗಳು ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಜೊತೆಗೆ ಇದನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಆದರೂ ನಡೆಯುತ್ತಿದೆ ಎಂದು ನಾಡದೋಣಿಯವರು ದೂರುತ್ತಲೇ ಇದ್ದಾರೆ. ‘ಪಕ್ಕದ ಬಂದರಿನವರು ಹಾಕುತ್ತಾರೆ, ನಾವು ಬಿಟ್ಟರೆ ನಮಗೇ ನಷ್ಟ’ ಎಂಬುದು ಹಾಕುವವರ ಸಮಜಾಯಿಷಿ. ಅಕಿತಾದಲ್ಲಿ ಇದ್ದ ಭರವಸೆ ಇಲ್ಲಿ ಇಲ್ಲದಿರುವುದು ಈ ಒಂದು ಮಾತಿನಲ್ಲೇ ಗೊತ್ತಾಗುತ್ತದೆ.

ಮಳೆಗಾಲದ ನಿಷೇಧ ಎಂದರೆ ‘ಆಗ ಮೀನು ತಿನ್ನಬಾರದು’ ಎಂದೇ?

ಜೂನ್ ಬಂದರೆ ಈ ಸಂದೇಶ ತಪ್ಪದೆ ಓಡಾಡುತ್ತದೆ. ಉತ್ತರ: ಅಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಹಲವು ಮೀನುಗಳು ಮೊಟ್ಟೆ ಇಡುವ ಕಾಲ ಅದು, ಕಡಲೂ ಬಿರುಸಾಗಿರುತ್ತದೆ. ನಿಷೇಧ ಇರುವುದು ಮೀನಿನ ಸಂತತಿಗೂ ಮೀನುಗಾರರ ಜೀವಕ್ಕೂ ಸಂಬಂಧಿಸಿ. ನಿಮ್ಮ ಆರೋಗ್ಯಕ್ಕೂ ಅದಕ್ಕೂ ನಂಟಿಲ್ಲ.

ಹಾಗಾದರೆ ಆಗ ಮಾರುಕಟ್ಟೆಗೆ ಬರುವ ಮೀನು ಕಳ್ಳಮಾಲೇ? ಅದೂ ಅಲ್ಲ. ಸಣ್ಣ ಎಂಜಿನ್‌ನ ನಾಡದೋಣಿಗಳಿಗೆ ಈ ಅವಧಿಯಲ್ಲೂ ಅವಕಾಶವಿದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ, ಅದು ಮುಗಿದ ಮೇಲೆ ತಮಿಳುನಾಡು, ಆಂಧ್ರದ ಮೀನು ನಮ್ಮಲ್ಲಿಗೆ ಬರಬಹುದು. ಯಾವ ತಿಂಗಳಾದರೂ ನೋಡಬೇಕಾದ್ದು ಮೀನು ತಾಜಾ ಇದೆಯೇ, ಐಸ್‌ನಲ್ಲಿ ಸರಿಯಾಗಿ ಇಟ್ಟಿದ್ದಾರೆಯೇ ಎಂಬುದನ್ನು.

61 ದಿನದ ನಿಷೇಧ ಸರ್ಕಾರದ ಆದೇಶವೇ. ಆದರೂ ಅದರಿಂದ ಕಲಿಯುವುದಿದೆ. ಹಿಂದೆ ರಾಜ್ಯಕ್ಕೊಂದು, ಕೆಲವೊಮ್ಮೆ ಒಂದೇ ರಾಜ್ಯದೊಳಗೆ ಜಿಲ್ಲೆಗೊಂದು ದಿನಾಂಕ ಇರುತ್ತಿತ್ತು. ನಮ್ಮಲ್ಲಿ ಬಾಗಿಲು ಹಾಕಿದಾಗ ಪಕ್ಕದಲ್ಲಿ ತೆರೆದಿದ್ದರೆ ಮೀನು ಉಳಿಯುವುದಾದರೂ ಹೇಗೆ? ಪಶ್ಚಿಮ ಕರಾವಳಿಯ ದಿನಾಂಕಗಳು ಬಹುಮಟ್ಟಿಗೆ ಒಂದಕ್ಕೊಂದು ಹೊಂದಿಕೊಂಡ ಮೇಲೆ ಆ ತಕರಾರು ತಗ್ಗಿತು.

ಅಘನಾಶಿನಿಯಲ್ಲಿ ಪಣಕ್ಕಿರುವುದು ಏನು?

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ ಅಷ್ಟಮುಡಿಯಂತೆಯೇ ಬಳಚಿನ ನೆಲೆ. ನದಿಗೆ ಅಣೆಕಟ್ಟಿಲ್ಲದ್ದರಿಂದ ಸಿಹಿನೀರು, ಉಪ್ಪುನೀರು ಬೆರೆಯುವ ಹದ ಇನ್ನೂ ಕೆಟ್ಟಿಲ್ಲ. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಕೆಸರಿಗಿಳಿಯುವ ಹೆಂಗಸರಿಗೆ ಬೋಟು ಬೇಡ, ಸಾಲ ಬೇಡ. ಮನೆಗೆ ಸಾರು, ಮಿಕ್ಕಿದ್ದಕ್ಕೆ ಕಾಸು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿ ತೆಗೆಯಲಾಗುತ್ತದೆ, ಅದರ ಮೌಲ್ಯ ಸುಮಾರು 5.78 ಕೋಟಿ ರೂಪಾಯಿ, ನೇರವಾಗಿ ದುಡಿಯುವವರು 2,300ಕ್ಕೂ ಹೆಚ್ಚು ಎಂದು ಅಂದಾಜಿಸಿತ್ತು.

2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಗೌರವ ದೊಡ್ಡದು. ಆದರೆ ಮರಳು ತೆಗೆಯುವುದು, ಹೂಳೆತ್ತುವುದು, ಚಿಪ್ಪಿಗಾಗಿ ತಳ ಅಗೆಯುವುದು ಇವು ಬಳಚು ಕೂತ ನೆಲವನ್ನೇ ಕೀಳುತ್ತವೆ. ಹತ್ತಿರದ ತದಡಿಯಲ್ಲಿ ದೊಡ್ಡ ಯೋಜನೆಗಳ ಪ್ರಸ್ತಾವ ಬಂದಾಗೆಲ್ಲ ಸ್ಥಳೀಯರು ವಿರೋಧಿಸಿದ್ದು ಇದಕ್ಕೇ. ಪಟ್ಟಿಗೆ ಸೇರಿದ ಮಾತ್ರಕ್ಕೆ ಬಳಚು ಉಳಿಯುವುದಿಲ್ಲ. ಎಷ್ಟು ತೆಗೆಯಬೇಕು, ಯಾವ ತಿಂಗಳು ಬಿಡಬೇಕು, ಯಾವ ದಂಡೆಯಲ್ಲಿ ಅಗೆಯಲೇಬಾರದು ಎಂದು ತೀರ್ಮಾನಿಸುವ ಸಭೆಯಲ್ಲಿ ಆ ಹೆಂಗಸರಿಗೆ ಕುರ್ಚಿ ಇದೆಯೇ ಎಂಬುದು ಮುಖ್ಯ.

ಹಾಗಾದರೆ ಎಲ್ಲವನ್ನೂ ಊರಿಗೆ ಬಿಟ್ಟರೆ ಸಾಕೇ?

ಇಲ್ಲ. ‘ಹಿಂದಿನವರ ಪದ್ಧತಿಯೇ ಸರಿ, ಮರಳಿ ಅಲ್ಲಿಗೇ ಹೋಗೋಣ’ ಎಂಬ ಫಾರ್ವರ್ಡ್‌ಗೂ ಇದೇ ಉತ್ತರ. ಇದಕ್ಕೆ ಮೂರು ಮಿತಿಗಳಿವೆ.

ಒಂದು, ಮೀನು ಓಡಾಡುತ್ತದೆ. ಬಳಚು ಕೂತಲ್ಲೇ ಇರುವುದರಿಂದ ಒಂದು ಊರು ಅದನ್ನು ಕಾಯಬಹುದು. ಬೂತಾಯಿ, ಬಂಗುಡೆಗೆ ತಾಲ್ಲೂಕಿನ ಗಡಿಯೂ ಇಲ್ಲ, ರಾಜ್ಯದ ಗಡಿಯೂ ಇಲ್ಲ. ನಮ್ಮ ಬಂದರುಗಳ ಆಳಸಮುದ್ರ ಬೋಟುಗಳೂ ಬೇರೆ ರಾಜ್ಯಗಳ ಎದುರಿನ ಕಡಲಿಗೆ ಹೋಗುತ್ತವೆ. ದಡದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಅಧಿಕಾರ, ಅದರಾಚೆ ಕೇಂದ್ರದ್ದು. ಇಂಥ ಮೀನಿಗೆ ಬಂದರುಗಳ ನಡುವೆ, ರಾಜ್ಯಗಳ ನಡುವೆ ಒಪ್ಪಂದ ಬೇಕು.

ಎರಡು, ಕಡಲೇ ಬದಲಾಗುತ್ತಿದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು, ಮುಂದಿನ ವರ್ಷಗಳಲ್ಲಿ ಮತ್ತೆ ಏರಿತು. ಮಿತಿಮೀರಿದ ಮೀನುಗಾರಿಕೆಯ ಜೊತೆಗೆ ಎಲ್ ನಿನೊದಂಥ ಹವಾಮಾನದ ಏರುಪೇರೂ ಇಂಥ ಕುಸಿತಕ್ಕೆ ಕಾರಣ ಎಂದು ವಿಜ್ಞಾನಿಗಳು ಹೇಳುತ್ತಾರೆ. ಅಷ್ಟಮುಡಿಯ ಉಳಿದ ಕತೆಯೂ ಇದೇ. ಮಾಲಿನ್ಯದ ಜೊತೆಗೆ ದಕ್ಷಿಣ ಅಮೆರಿಕ ಮೂಲದ ಒಂದು ಚಿಪ್ಪುಜೀವಿ ಅಲ್ಲಿಗೆ ನುಗ್ಗಿ ಹಬ್ಬಿತು, ಬಳಚಿನ ಇಳುವರಿ ಮತ್ತೆ ಕುಸಿಯಿತು. ಈಗ ಸಿಎಂಎಫ್‌ಆರ್‌ಐ ಬಳಚಿನ ಮರಿಗಳನ್ನು ಬೆಳೆಸಿ ಹಿನ್ನೀರಿಗೆ ಬಿಡುತ್ತಿದೆ. ಅಕಿತಾದ ಹತಹತವೂ ಇತ್ತೀಚೆಗೆ ಮತ್ತೆ ತೀರಾ ಕಡಿಮೆಯಾಗಿದೆ. ಊರಿನ ಶಿಸ್ತು ಊರಿನ ಬಲೆಯನ್ನು ತಡೆಯಬಲ್ಲದು, ಬಿಸಿಯಾಗುವ ಕಡಲನ್ನು ತಡೆಯಲಾರದು.

ಮೂರು, ‘ಊರು’ ಎಂದರೆ ಎಲ್ಲರೂ ಎಂದಲ್ಲ. ತಮಿಳುನಾಡು, ಆಂಧ್ರ ಗಡಿಯ ಪುಲಿಕಾಟ್ ಸರೋವರದಲ್ಲಿ ಸಿಗಡಿಯ ಜಾಗಗಳನ್ನು ಸರದಿಯಲ್ಲಿ ಹಂಚುವ ‘ಪಾಡು’ ಎಂಬ ಹಳೆಯ ಪದ್ಧತಿಯಿದೆ. ಜಗಳ ತಪ್ಪಿಸುವಲ್ಲಿ ಅದು ಗಟ್ಟಿಗ. ಆದರೆ ಆ ಸರದಿಯಲ್ಲಿ ಹೆಸರು ಇರುವುದು ಕೆಲವು ಊರುಗಳ ಒಂದು ಜಾತಿಯ ಗಂಡಸರದ್ದು. ಕಾಸರಗೋಡಿನ ಕಡೆ ‘ಕಡಕ್ಕೋಡಿ’ ಎಂಬ ಕಡಲ ನ್ಯಾಯಸಭೆಗಳಿವೆ. ಬಲೆಯ ಬಗೆ, ಹಂಚಿಕೆ, ಜಗಳ ಎಲ್ಲವನ್ನೂ ತೀರ್ಮಾನಿಸಿದ ಪರಂಪರೆ ಅವುಗಳದು. ಅವು ದೇವಸ್ಥಾನಗಳ ಸುತ್ತ, ಸಮುದಾಯದ ಹಿರಿಯ ಗಂಡಸರ ಕೈಯಲ್ಲಿ ಬೆಳೆದವು. ಮೀನು ಮಾರುವ ಹೆಂಗಸರು, ಹೊರಗಿನಿಂದ ಬಂದ ಬೋಟಿನ ಕೆಲಸಗಾರರು ಇವರ ಮಾತು ಇಂಥ ಕಡೆ ಕೇಳಿಸುವುದು ಕಷ್ಟ.

ಇದಕ್ಕೇ ತಜ್ಞರು ‘ಸಹ-ನಿರ್ವಹಣೆ’ ಎಂಬ ಮಾತು ಬಳಸುತ್ತಾರೆ. ಹಿಡಿಯುವವರು ನಿಯಮ ಮಾಡುವಲ್ಲಿ ಪಾಲುದಾರರು, ವಿಜ್ಞಾನಿಗಳು ಲೆಕ್ಕ ಕೊಡುವವರು, ಸರ್ಕಾರ ಆ ನಿಯಮಕ್ಕೆ ಬಲ ಕೊಟ್ಟು ಹೊರಗಿಟ್ಟವರನ್ನು ಒಳತರುವ ಹೊಣೆಗಾರ. ಭಾರತದ 2017ರ ರಾಷ್ಟ್ರೀಯ ಕಡಲ ಮೀನುಗಾರಿಕಾ ನೀತಿಯಲ್ಲೂ ಈ ಮಾತಿದೆ. ಕಾಗದದಿಂದ ದಕ್ಕೆಗೆ ಅದು ಇನ್ನೂ ಪೂರ್ತಿ ಇಳಿಯಬೇಕಿದೆ.

ಮುಂದಿನ ಸಲ ಫಾರ್ವರ್ಡ್ ಬಂದಾಗ

ಮೀನಿನ ರಾಶಿಯ ವಿಡಿಯೊ ಕಂಡರೆ ಕಳಿಸುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

• ಯಾವ ಮೀನು? ಬೆಳೆದರೂ ಚಿಕ್ಕದಾಗಿಯೇ ಇರುವ ಜಾತಿಯೇ, ನಿಜಕ್ಕೂ ಮರಿಯೇ?
• ಎಲ್ಲಿಯದು, ಯಾವಾಗಿನದು? ಬೇರೆ ದೇಶದ ಹಳೆಯ ವಿಡಿಯೊಗೆ ನಮ್ಮ ಊರಿನ ಹೆಸರು ಅಂಟಿಸಿಲ್ಲವಷ್ಟೇ?
• ‘ಮೀನುಗಾರರು’ ಎಂದರೆ ಯಾರು? ನಾಡದೋಣಿಯವರೇ, ಟ್ರಾಲ್ ಬೋಟಿನವರೇ, ಬೆಳಕು ಹಾಕುವವರೇ? ಒಬ್ಬರ ತಪ್ಪಿಗೆ ಎಲ್ಲರ ಮೇಲೆ ಗೂಬೆ ಕೂರಿಸುತ್ತಿದ್ದೇವೆಯೇ?
• ಇದನ್ನು ಕೊಳ್ಳುವವರು ಯಾರು?

ಕೊನೆಯ ಪ್ರಶ್ನೆ ನಮ್ಮ ಮನೆಯ ಅಡುಗೆಮನೆಗೂ ಬರುತ್ತದೆ. ಅಂಗೈಯಗಲ ಇರಬೇಕಾದ ಮಾಂಜಿ ಎರಡು ಬೆರಳಗಲ ಇದ್ದಾಗ ‘ಸೋವಿ’ ಎಂದು ಕೊಂಡರೆ, ಅದನ್ನು ಹಿಡಿದ ಬಲೆಯ ಒಂದು ಕಣ್ಣು ನಮ್ಮದೂ ಹೌದು. ಮೀನು ಮಾರುವ ಅಕ್ಕನಿಗೆ ‘ಮರಿ ಬೇಡ, ಬೇರೆ ಕೊಡಿ’ ಎಂದರೆ ಆ ಮಾತು ಸಂಜೆಯೊಳಗೆ ದಕ್ಕೆ ಮುಟ್ಟುತ್ತದೆ. ಅಷ್ಟಮುಡಿಯಲ್ಲಿ ಬಳಚು ಉಳಿಸಿದ ನಾಲ್ಕು ನಿಯಮಗಳಲ್ಲಿ ಒಂದು ಕೊಳ್ಳುವವರ ಮೇಲೆಯೇ ಇತ್ತು ಎಂಬುದು ನೆನಪಿರಲಿ.